ಪೆಟ್ಟು ತಿಂದವಳು ತಟ್ಟಿದ ಬಾಗಿಲುಗಳು

ಉತ್ತರ ಕನ್ನಡದ ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಚರಿತ್ರೆ ಬರೆಯುವವರಿಗೆ ಸಾಮಗ್ರಿಯ ಕೊರತೆ ಇಲ್ಲ. ಕಾಳುಮೆಣಸಿನ ವ್ಯಾಪಾರ, ಗೇರುಸೊಪ್ಪೆಯ ಚೆನ್ನಭೈರಾದೇವಿ, ಪೋರ್ಚುಗೀಸರೊಂದಿಗಿನ ಕಾದಾಟ, ಅಮೆರಿಕದ ಅಂತರ್ಯುದ್ಧದ ಕಾಲಕ್ಕೆ ಕುಮಟಾ ಬಂದರಿನಿಂದ ಹಡಗೇರಿದ ಹತ್ತಿ, ಎಲ್ಲವೂ ಪುಟಗಟ್ಟಲೆ ದಾಖಲಾಗಿವೆ. ಆದರೆ ಇದೇ ಊರುಗಳಲ್ಲಿ ಗಂಡನ ಮನೆಯಲ್ಲಿ ಪೆಟ್ಟು ತಿಂದ ಹೆಂಗಸು ಎಲ್ಲಿಗೆ ಹೋಗುತ್ತಿದ್ದಳು, ಯಾರ ಮುಂದೆ ಹೇಳಿಕೊಳ್ಳುತ್ತಿದ್ದಳು, ಕೇಳಿಸಿಕೊಂಡವರು ಏನು ಮಾಡುತ್ತಿದ್ದರು ಎಂಬುದಕ್ಕೆ ಪ್ರತ್ಯೇಕ ಅಧ್ಯಾಯ ಸಿಗುವುದಿಲ್ಲ. ಅಲ್ಲಲ್ಲಿ ಸಿಗುವ ಪುರಾವೆಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಸಂಗತಿ ನಿಚ್ಚಳವಾಗುತ್ತದೆ. ಈ ಸೀಮೆಯಲ್ಲಿ ನ್ಯಾಯ ಹೇಳುವವರಿಗೆ ಎಂದೂ ಬರ ಇರಲಿಲ್ಲ. ಹತ್ತಿರದಲ್ಲಿದ್ದವರು ಮನೆತನದ, ಜಾತಿಯ, ಜಮಾತಿನ ಮರ್ಯಾದೆಯ ಪರ ನಿಂತರು. ಅವಳ ಪರವಾಗಿ ಬಂದ ಕಾನೂನು ಅವಳ ಊರಿನ ತನಕ ಬರಲಿಲ್ಲ. ಸರ್ಕಾರ ಹಣ ಕೊಟ್ಟು, ಸ್ಥಳೀಯ ಸಂಸ್ಥೆಗಳಿಗೆ ಹೊಣೆ ವಹಿಸಿ, ತಾಲೂಕು ಮಟ್ಟದಲ್ಲೇ ನೆರವಿನ ಸೇವೆ ಕಟ್ಟಬೇಕು ಎಂಬ ಬೇಡಿಕೆಗೆ ಆಧಾರ ಇರುವುದು ಈ ಚರಿತ್ರೆಯಲ್ಲೇ.

1862ರಲ್ಲಿ ಈ ತಾಲೂಕುಗಳಿರುವ ಕೆನರಾದ ಉತ್ತರದ ಭಾಗ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಆ ಪ್ರಾಂತದ ಗ್ಯಾಜೆಟಿಯರಿನ ಕೆನರಾ ಸಂಪುಟ 1883ರಲ್ಲಿ ಹೊರಬಂತು. ಒಂದೊಂದು ಜಾತಿಯ ಊಟ, ಉಡುಗೆ, ಮದುವೆಯ ಕ್ರಮ ವಿವರಿಸುವಾಗ ಆ ಜಾತಿಯ ವ್ಯಾಜ್ಯವನ್ನು ಯಾರು ತೀರಿಸುತ್ತಾರೆ ಎಂಬುದನ್ನೂ ಅದು ಹೇಳುತ್ತದೆ. ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಲ್ಲಿ ಗೌಡ ಯಜಮಾನ, ಬುದವಂತ ಅವನಿಗೆ ಸಲಹೆಗಾರ, ಕೋಲಕಾರ ಮನೆಮನೆಗೆ ಹೋಗಿ ಕರೆ ಹೇಳುವವನು. ಹವ್ಯಕ ಬ್ರಾಹ್ಮಣರ ವ್ಯಾಜ್ಯ ಕೊನೆಗೆ ಮಠದ ಗುರುಗಳ ತನಕ ಹೋಗುತ್ತಿತ್ತು. ಭಟ್ಕಳದ ನವಾಯತ ಮುಸ್ಲಿಮರಿಗೆ ಜಮಾತು, ಖಾಜಿ. 1912ರಲ್ಲಿ ಮಜ್ಲಿಸೆ ಇಸ್ಲಾಹ್ ವ ತಂಝೀಮ್ ಹುಟ್ಟಿದ ಮೇಲೆ ಊರಿಗೊಂದು ಗಟ್ಟಿ ಸಂಘಟನೆಯೂ ಬಂತು. ಕ್ರೈಸ್ತರಿಗೆ ಇಗರ್ಜಿಯ ಪಾದ್ರಿ. ಈ ವ್ಯವಸ್ಥೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಖರ್ಚಿಲ್ಲದೆ, ಅವಳಿಗೆ ತಿಳಿಯುವ ಮಾತಿನಲ್ಲಿ, ಒಂದೆರಡು ದಿನದಲ್ಲಿ ಪಂಚಾಯ್ತಿಕೆ ಸೇರುತ್ತಿತ್ತು, ಕರೆಸಿದರೆ ಗಂಡ ಬರಲೇಬೇಕಿತ್ತು. ಇವತ್ತಿನ ಯಾವ ಕಚೇರಿಗೂ ಆ ವೇಗ ಇಲ್ಲ. ಆದರೆ ಪಂಚಾಯ್ತಿಕೆಯ ಕೈಯಲ್ಲಿದ್ದ ಶಿಕ್ಷೆ ದಂಡ ಮತ್ತು ಬಹಿಷ್ಕಾರ. ಎರಡೂ ಜಾತಿಯ ಕಟ್ಟು ಉಳಿಸಲು ರೂಪುಗೊಂಡವು. ಕಟ್ಟು ಮುರಿದವನನ್ನು ಹೊರಗಿಡುವುದಕ್ಕೆ ಅಲ್ಲಿ ದಾರಿ ಇತ್ತು, ಹೆಂಡತಿಯನ್ನು ಹೊಡೆದವನಿಂದ ಅವಳನ್ನು ಕಾಯುವುದಕ್ಕೆ ಇರಲಿಲ್ಲ. ತೀರ್ಪು ಹೇಳುವವರು ಗಂಡಸರು, ಅದರಲ್ಲೂ ಹಲವು ಸಲ ಗಂಡನ ಕಡೆಯ ನೆಂಟರು.

ಮನೆಯೊಳಗಿನ ಅನ್ಯಾಯ ಆ ಕಾಲದವರ ಕಣ್ಣಿಗೆ ಬಿದ್ದಿರಲಿಲ್ಲ ಎನ್ನುವವರಿಗೆ ಹೊನ್ನಾವರ ತಾಲೂಕಿನ ಕರ್ಕಿಯೇ ಉತ್ತರ ಕೊಡುತ್ತದೆ. ಅಲ್ಲಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು 1887ರಲ್ಲಿ ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ ಪ್ರಕಟಿಸಿದರು. ಕನ್ನಡದ ಮೊದಲ ಸಾಮಾಜಿಕ ನಾಟಕವೆಂದು ಹೆಸರಾದ ಈ ಕೃತಿಯ ವಸ್ತು ಕನ್ಯಾವಿಕ್ರಯ, ಅಂದರೆ ದುಡ್ಡಿನಾಸೆಗೆ ಎಳೆಯ ಹುಡುಗಿಯನ್ನು ಮುದುಕನಿಗೆ ಕಟ್ಟುವ ಪದ್ಧತಿ. ಹವ್ಯಕರ ಆಡುಮಾತಿನಲ್ಲೇ ಅದನ್ನು ಬರೆದದ್ದರಿಂದ ಚಾಟಿ ಯಾರ ಬೆನ್ನಿಗೆ ಎಂಬುದರಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ. ನೂರಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಒಬ್ಬ ಶಾಸ್ತ್ರಿ ತನ್ನ ಸಮಾಜದ ಅಂಗಳದಲ್ಲಿ ನಿಂತು ಇದನ್ನು ಹೇಳಿದ್ದು ದೊಡ್ಡ ಧೈರ್ಯ. ಆದರೆ ಅಂದಿನ ಸುಧಾರಣೆಯ ಮಿತಿಯೂ ಇದರಲ್ಲೇ ಕಾಣುತ್ತದೆ. ಸುಧಾರಕರು ತಂದೆಯ ಮನಸ್ಸು, ಸಮಾಜದ ಬುದ್ಧಿ ತಿದ್ದಲು ಹೊರಟರು. ತಿದ್ದುವ ಮುನ್ನವೇ ಮದುವೆಯಾಗಿ ಹೋದ ಹುಡುಗಿ ಎಲ್ಲಿಗೆ ಹೋಗಬೇಕು ಎಂಬುದನ್ನು ಯಾರೂ ತಮ್ಮ ಕೆಲಸವೆಂದು ಹಚ್ಚಿಕೊಳ್ಳಲಿಲ್ಲ. ಅವಳಿಗೆ ಉಳಿದದ್ದು ತವರು ಮಾತ್ರ. ಅಪ್ಪನ ಆಸ್ತಿಯಲ್ಲಿ ಹಕ್ಕಿಲ್ಲದವಳಿಗೆ ತವರಿನ ಆಸರೆಯೂ ಅಣ್ಣ, ಅತ್ತಿಗೆಯರ ಮರ್ಜಿಯ ಮೇಲೆ ನಿಂತಿತ್ತು. ಒಟ್ಟು ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನ ಸಮನಾದ ಪಾಲು ಕರ್ನಾಟಕದಲ್ಲಿ ಸಿಕ್ಕಿದ್ದು 1994ರಲ್ಲಿ.

ಕಾನೂನು ಬಂದ ಬಗೆಯೂ ಗಮನಿಸಬೇಕಾದದ್ದು. ಗಂಡ ಅನ್ನ ಬಟ್ಟೆಗೆ ಕೊಡದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಜೀವನಾಂಶ ಕೇಳುವ ಹಕ್ಕು 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿತ್ತು. ಅದಕ್ಕೆ ತಿಂಗಳಿಗೆ 50 ರೂಪಾಯಿಯ ಮಿತಿ ಇತ್ತು. 1955ರಲ್ಲಿ 500ಕ್ಕೆ ಏರಿದ ಮಿತಿ 2001ರ ತನಕ ಅಲ್ಲೇ ನಿಂತಿತ್ತು. ಕ್ರೌರ್ಯದ ಕಾರಣಕ್ಕೆ ವಿಚ್ಛೇದನ ಕೇಳುವ ಹಕ್ಕು ಮುಸ್ಲಿಂ ಹೆಂಗಸರಿಗೆ 1939ರ ಕಾಯ್ದೆಯಲ್ಲೇ ಸಿಕ್ಕಿತು. ಹಿಂದೂ ಹೆಂಗಸರಿಗೆ ಕ್ರೂರಿ ಗಂಡನಿಂದ ಬೇರೆ ಇದ್ದು ಜೀವನಾಂಶ ಪಡೆಯುವ ಹಕ್ಕು 1946ರಲ್ಲಿ ಬಂತು. ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಕುಮಟಾ, ಹೊನ್ನಾವರದವರಿಗೆ 1947ರಲ್ಲೇ ವಿಚ್ಛೇದನದ ಕಾಯ್ದೆ ಸಿಕ್ಕಿತು. ಶಿರೂರು ದಾಟಿ ಮದ್ರಾಸಿನ ಗಡಿಯೊಳಗಿದ್ದವರು 1949ರ ತನಕ ಕಾಯಬೇಕಾಯಿತು. ಆದರೂ ಕ್ರೌರ್ಯವೇ ಹಿಂದೂ ವಿಚ್ಛೇದನಕ್ಕೆ ಸಾಕಾದ ಕಾರಣವಾದದ್ದು 1976ರಲ್ಲಿ, ಕ್ರೈಸ್ತ ಹೆಂಗಸರಿಗೆ 2001ರಲ್ಲಿ. ಒಂದೇ ಪೇಟೆಯ ಮೂರು ಕೇರಿಗಳಲ್ಲಿ ಒಂದೇ ಬಗೆಯ ಪೆಟ್ಟಿಗೆ ಮೂರು ಕಾಲದಲ್ಲಿ ಪರಿಹಾರ ಸಿಕ್ಕಿತು. ಸಿಕ್ಕಿದ್ದೂ ಕಾಗದದ ಮೇಲೆ. ವಕೀಲರ ಶುಲ್ಕ ಹೊಂದಿಸಿ, ಅಘನಾಶಿನಿ, ಶರಾವತಿಗಳಿಗೆ ಸೇತುವೆಯಾಗುವ ಮುನ್ನ ತಾರಿ ದಾಟಿ, ಗಂಡನ ಮೇಲೆ ದೂರು ಕೊಡಲು ಕೋರ್ಟಿಗೆ ಹೋಗಿಬರುವ ಹೆಂಗಸಿಗೆ ಅಂದು ರಾತ್ರಿ ಮಲಗಲು ಜಾಗ ಯಾವ ಕಾಯ್ದೆಯಲ್ಲೂ ಇರಲಿಲ್ಲ. 1983ರಲ್ಲಿ ಬಂದ ಭಾರತೀಯ ದಂಡ ಸಂಹಿತೆಯ 498ಎ ಕಲಮು ಗಂಡನನ್ನು ಜೈಲಿಗೆ ಕಳಿಸಬಲ್ಲದಾಗಿತ್ತು. ಅವಳಿಗೆ ಮನೆ, ಅನ್ನ, ಮಕ್ಕಳ ಸುಪರ್ದು ಕೊಡಿಸಲು ಅದಕ್ಕೆ ಶಕ್ತಿ ಇರಲಿಲ್ಲ.

ಹೆಂಗಸರೇ ಕಂಡುಕೊಂಡ ದಾರಿ ಬೇರೆಯದಿತ್ತು. ನೆರೆಯ ಅಂಕೋಲೆಯ ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಸಾರಾಯಿ ವಿರುದ್ಧ ಹೆಂಗಸರನ್ನು ಕೂಡಿಸಿ ಹೋರಾಡಿದರು. ಕುಡಿತಕ್ಕೂ ಹೊಡೆತಕ್ಕೂ ಇರುವ ನಂಟು ಅವರಿಗೆ ಯಾವ ಸಮೀಕ್ಷೆಯೂ ಹೇಳಿಕೊಡಬೇಕಾಗಿರಲಿಲ್ಲ. 2007ರ ಜುಲೈನಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು, ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ಕುಡಿತ ಬಿಟ್ಟ ಮನೆಗಳಲ್ಲೂ ಹೊಡೆತ ನಿಂತಿಲ್ಲ ಎಂಬುದು ಬೇರೆ ಮಾತು. ಗುಂಪಾಗಿ ನಿಂತ ಹೆಂಗಸರ ಮಾತಿಗೆ ಬೆಲೆ ಬರುತ್ತದೆ ಎಂಬುದನ್ನಂತೂ ಆ ಹೋರಾಟ ತೋರಿಸಿತು.

2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ 2006ರ ಅಕ್ಟೋಬರ್ 26ರಂದು ಜಾರಿಗೆ ಬಂತು. ಎಲ್ಲ ಧರ್ಮದವರಿಗೂ ಅದು ಒಂದೇ. ಅದರಡಿ ತುಂಬುವ ಕೌಟುಂಬಿಕ ಘಟನಾ ವರದಿಯ ನಮೂನೆಯನ್ನು ಒಮ್ಮೆ ಬಿಡಿಸಿ ನೋಡಬೇಕು. ಹೊಡೆದದ್ದು, ಒದ್ದದ್ದು ಒಂದು ಭಾಗ. ಲೈಂಗಿಕ ಹಿಂಸೆ, ಬೈಗುಳ ಮತ್ತು ಅವಮಾನ, ವರದಕ್ಷಿಣೆಯ ಪೀಡನೆ ಬೇರೆ ಭಾಗಗಳು. ಆರ್ಥಿಕ ಹಿಂಸೆಗೂ ಒಂದು ಪಟ್ಟಿ: ಊಟ, ಬಟ್ಟೆ, ಔಷಧಿಗೆ ದುಡ್ಡು ಕೊಡದಿರುವುದು, ಕೆಲಸಕ್ಕೆ ಹೋಗಗೊಡದಿರುವುದು, ದುಡಿದದ್ದನ್ನು ಕಸಿದುಕೊಳ್ಳುವುದು, ಸ್ತ್ರೀಧನ ಮಾರುವುದು, ಮನೆಯಿಂದ ಹೊರಹಾಕುವುದು. ಬುಟ್ಟಿ ಹೊತ್ತು ಮೀನು ಮಾರಿದವಳ ದಿನದ ಗಳಿಕೆ ಗಂಡನ ಜೇಬು ಸೇರುವ ಹೊನ್ನಾವರದ ಕಾಸರಕೋಡಿನ ಮನೆಗೂ, ಗಲ್ಫಿನಲ್ಲಿರುವ ಗಂಡ ಹಣ ಕಳಿಸುವುದನ್ನೇ ನಿಲ್ಲಿಸಿದ ಭಟ್ಕಳದ ಮನೆಗೂ ಈ ನಮೂನೆಯಲ್ಲಿ ಜಾಗ ಇದೆ. ತವರಿಗೆ ಬಂದವಳು ತವರಿನ ತಾಲೂಕಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ಹಳೆಯ ಪಂಚಾಯ್ತಿಕೆಗೂ ಹೊಸ ಕಾನೂನಿಗೂ ಇರುವ ವ್ಯತ್ಯಾಸ ಮಾತ್ರ 2006ರ ನಿಯಮಗಳ ಎರಡು ಸಾಲಿನಲ್ಲಿದೆ. ಎರಡೂ ಕಡೆಯವರು ಬರೆದು ಒಪ್ಪದ ಹೊರತು ಕಕ್ಷಿದಾರರ ನೆಂಟರಾದವರು ಸಮಾಲೋಚಕರಾಗುವಂತಿಲ್ಲ. ಹೊಡೆದದ್ದಕ್ಕೆ ಗಂಡ ಕೊಡುವ ಯಾವ ಸಮರ್ಥನೆಯೂ ಸಮಾಲೋಚನೆಯ ಭಾಗವಾಗುವಂತಿಲ್ಲ. ‘ನೀನೇನು ಮಾಡಿದ್ದೆ’ ಎಂದು ಅವಳನ್ನೇ ಮೊದಲು ಕೇಳುವ ರಾಜಿ ಪಂಚಾಯ್ತಿಗೆ ಇಲ್ಲಿ ತೆರೆ ಬಿತ್ತು.

ಕಾಯ್ದೆಯ 10ನೇ ಕಲಮು ನೋಂದಾಯಿತ ಸಂಸ್ಥೆಗಳನ್ನು ಸೇವೆ ಒದಗಿಸುವವರೆಂದು ಗುರುತಿಸಿ, ವರದಿ ಬರೆಯುವ, ವೈದ್ಯಕೀಯ ತಪಾಸಣೆ ಮಾಡಿಸುವ, ಆಶ್ರಯ ಕೊಡಿಸುವ ಅಧಿಕಾರ ಕೊಟ್ಟಿತು. ಅಧಿಕಾರ ಕೊಟ್ಟಿತೇ ಹೊರತು ಹಣದ ಮಾತೆತ್ತಲಿಲ್ಲ. ಕರ್ನಾಟಕದಲ್ಲಿ ತಾಲೂಕಿನ ರಕ್ಷಣಾಧಿಕಾರಿಯ ಹೊಣೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಹೆಗಲಿಗೆ ಬಂತು. ತಾಲೂಕಿನ ಅಂಗನವಾಡಿಗಳನ್ನೆಲ್ಲ ನೋಡಿಕೊಳ್ಳುವ ಅಧಿಕಾರಿಗೆ ಇದು ಹೆಚ್ಚುವರಿ ಕೆಲಸ. ಸ್ವಯಂಸೇವಾ ಸಂಸ್ಥೆಗಳಿಗೆ ಅನುದಾನ ಕೊಟ್ಟು ನಡೆಸುವ ರಾಜ್ಯದ ಸಾಂತ್ವನ ಯೋಜನೆ ಈ ಕಾಯ್ದೆಗಿಂತ ಹಳೆಯದು, ತಾಲೂಕಿನ ತನಕ ಬಂದದ್ದೂ ಅದೇ. 2015ರಲ್ಲಿ ಕೇಂದ್ರದ ಸಖಿ ಯೋಜನೆ ಬಂತು: ಚಿಕಿತ್ಸೆ, ಪೊಲೀಸು, ಕಾನೂನು ನೆರವು, ಕೆಲವು ದಿನಗಳ ತಂಗುದಾಣ ಎಲ್ಲವೂ ಒಂದೇ ಸೂರಿನಡಿ, ಜಿಲ್ಲೆಗೊಂದು. ಸಖಿ ಇದೆಯಲ್ಲ ಎಂದು 2021ರಲ್ಲಿ ರಾಜ್ಯದ ಹಲವು ಸಾಂತ್ವನ ಕೇಂದ್ರಗಳನ್ನು ಮುಚ್ಚುವ ತೀರ್ಮಾನವಾಯಿತು. ಬೆಂಗಳೂರಿನ ನಕ್ಷೆಯಲ್ಲಿ ಈ ಲೆಕ್ಕ ಸರಿ ಕಾಣಬಹುದು. ಉತ್ತರ ಕನ್ನಡದ ಜಿಲ್ಲಾ ಕೇಂದ್ರ ಕಾರವಾರ ಗೋವೆಯ ಅಂಚಿನಲ್ಲಿದೆ. ಭಟ್ಕಳದಿಂದ 120 ಕಿ.ಮೀ.ಗೂ ದೂರ. ಕಂಕುಳಲ್ಲಿ ಕೂಸು, ಕೈಯಲ್ಲಿ ಬಸ್ಸಿನ ದುಡ್ಡೂ ಇಲ್ಲದವಳಿಗೆ ಆ ಸೂರು ಇದ್ದೂ ಇಲ್ಲದಂತೆ.

ತಾಲೂಕಿನಲ್ಲೇ ಸೇವೆ ಬೇಕು ಎಂಬ ಮಾತಿಗೆ ಆಕ್ಷೇಪಗಳಿವೆ, ಕೆಲವು ತೂಕದವೂ ಹೌದು. ಸಮಾಜದ ಹಿರಿಯರಿರುವಾಗ ಕಚೇರಿ ಯಾಕೆ ಎನ್ನುವವರು ಅನೇಕರು. ಹಿರಿಯರು ಬುದ್ಧಿ ಹೇಳಲಿ, ಬೇಡ ಎನ್ನುವವರಿಲ್ಲ. ಆದರೆ ಶರೀಯತ್ ಅದಾಲತ್ತುಗಳ ಫತ್ವಾಕ್ಕೆ ಕಾನೂನಿನ ಬಲವಿಲ್ಲ ಎಂದು 2014ರಲ್ಲೂ, ವಯಸ್ಕರ ಮದುವೆಯಲ್ಲಿ ಜಾತಿ ಪಂಚಾಯ್ತಿ ಕೈಹಾಕುವಂತಿಲ್ಲ ಎಂದು 2018ರಲ್ಲೂ ಸುಪ್ರೀಂ ಕೋರ್ಟು ಹೇಳಿದೆ. ಹಿರಿಯರ ಮಾತನ್ನು ಗಂಡ ಮೀರಿದರೆ ಅವಳಿಗೆ ಕೊನೆಗೂ ಕೋರ್ಟೇ ಗತಿ. ಕಾನೂನು ಬಂದರೆ ಮನೆ ಒಡೆಯುತ್ತದೆ ಎಂಬುದು ಎರಡನೆಯದು. 2005ರ ಕಾಯ್ದೆಯ ಮೂಲ ಸ್ವರೂಪ ಸಿವಿಲ್. ಅವಳನ್ನು ಅದೇ ಮನೆಯಲ್ಲಿ ಉಳಿಸುವ ಆದೇಶ ಅದರಲ್ಲಿದೆ, ಆದೇಶ ಮೀರಿದ ಮೇಲಷ್ಟೇ ಜೈಲಿನ ಮಾತು. ದುರುಪಯೋಗದ ಭಯ ಮೂರನೆಯದು. 498ಎ ಅಡಿ ಕಣ್ಣುಮುಚ್ಚಿ ಬಂಧಿಸಬಾರದೆಂದು 2014ರಲ್ಲೇ ಸುಪ್ರೀಂ ಕೋರ್ಟು ಕಟ್ಟು ಹಾಕಿದೆ. ತರಬೇತಿ ಪಡೆದ ಸಮಾಲೋಚಕಿ ಮೊದಲ ವಾರದಲ್ಲೇ ಎರಡೂ ಕಡೆ ಕೇಳಿ, ನಡೆದದ್ದನ್ನು ಬರೆದಿಟ್ಟರೆ ಸುಳ್ಳು ದೂರಿಗೂ ಅಲ್ಲೇ ತಡೆ. 181 ಸಹಾಯವಾಣಿ ಸಾಲದೇ ಎಂಬುದು ಕೊನೆಯದು. ಫೋನು ಎತ್ತಿದವರು ಕಳಿಸಲು ತಾಲೂಕಿನಲ್ಲಿ ಒಬ್ಬರು ಇರಬೇಕಲ್ಲ?

ಪೆಟ್ಟು ತಿನ್ನುವವರು ಎಷ್ಟು ಮಂದಿ ಎಂಬುದಕ್ಕೆ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಇದೆ. ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವರ್ಷದ ಹೆಂಗಸರಲ್ಲಿ ಶೇ. 44.4 ಮಂದಿ ಗಂಡನ ಹಿಂಸೆ ಕಂಡವರು. ದೇಶದ ಸರಾಸರಿ ಶೇ. 29.3. ದೇಶದಲ್ಲಿ ಹಿಂಸೆಗೊಳಗಾದವರ ಪೈಕಿ ನೆರವು ಕೇಳಿದವರು ಶೇ. 14 ಮಾತ್ರ, ಅವರಲ್ಲೂ ಹೆಚ್ಚಿನವರು ಹೋದದ್ದು ತವರಿಗೆ, ಪೊಲೀಸರ ಬಳಿ ಹೋದವರು ಬೆರಳೆಣಿಕೆ. ಹೆಂಗಸರು ಇಂದಿಗೂ ಹತ್ತಿರದ ಬಾಗಿಲನ್ನೇ ತಟ್ಟುತ್ತಾರೆ. ಸರ್ಕಾರ ಕಲಿಯಬೇಕಾದದ್ದು ಇದನ್ನೇ. ಮೂರೂ ತಾಲೂಕುಗಳಿಗೆ ಬೇರೆ ಹೊಣೆಯಿಲ್ಲದ ರಕ್ಷಣಾಧಿಕಾರಿ, ಕನ್ನಡದ ಜೊತೆ ಕೊಂಕಣಿ, ನವಾಯತಿ ಬಲ್ಲ ಸಮಾಲೋಚಕಿಯರು, ಕೆಲವು ದಿನ ತಂಗಲು ಒಂದು ಮನೆ ಬೇಕು. ಇದನ್ನು ಸ್ಥಳೀಯ ಸಂಸ್ಥೆಗೆ ವಹಿಸುವುದಾದರೆ ವರ್ಷವರ್ಷವೂ ಬೇಡುವ ಅನುದಾನ ಸಾಲದು, ಐದಾರು ವರ್ಷದ ಕರಾರು, ಹೊತ್ತಿಗೆ ಸರಿಯಾದ ಹಣ, ಹೊರಗಿನವರ ತಪಾಸಣೆ ಇರಬೇಕು. ತಾಲೂಕು ಮಟ್ಟದಲ್ಲೂ ರಕ್ಷಣಾಧಿಕಾರಿಗಳನ್ನು ಗುರುತಿಸಿ, ಕಾಯ್ದೆಗೆ ಪ್ರಚಾರ ಕೊಡಿ ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೆ ಆದೇಶಿಸಿದೆ. ಓದುಗರು ಒಂದು ಕೆಲಸ ಮಾಡಬಹುದು: ನಿಮ್ಮ ತಾಲೂಕಿನ ರಕ್ಷಣಾಧಿಕಾರಿ ಯಾರು, ಎಲ್ಲಿ ಸಿಗುತ್ತಾರೆ ಎಂದು ವಿಚಾರಿಸಿ, ಉತ್ತರ ಸಿಗದಿದ್ದರೆ ಗ್ರಾಮಸಭೆಯಲ್ಲಿ ಎದ್ದು ಕೇಳಿ.