ನಕ್ಷತ್ರದ ಗೆರೆ: ಅಂದು ದೋಷ, ಇಂದು ಚಿತ್ರ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳು 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ನವಾಬ್ ಜಫರ್ ಜಂಗ್ ಅಲ್ಲಿ ಸ್ಥಾಪಿಸಿದ್ದ ನಿಜಾಮಿಯ ವೀಕ್ಷಣಾಲಯವನ್ನು 1908ರಲ್ಲಿ ಸರ್ಕಾರ ವಹಿಸಿಕೊಂಡಿತು. 1887ರಲ್ಲಿ ಪ್ಯಾರಿಸಿನಲ್ಲಿ ರೂಪುಗೊಂಡಿದ್ದ ಆಕಾಶ ನಕ್ಷೆ ಯೋಜನೆಯ ದಕ್ಷಿಣ 17–23 ಡಿಗ್ರಿ ವಲಯ ಅದರ ಪಾಲಿಗೆ ಬಂದಿತು.

ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ, ನಿಂತ ಕ್ಯಾಮೆರಾದಲ್ಲಿ ನಕ್ಷತ್ರ ಗೆರೆಯಾಗಿ ಮೂಡುತ್ತದೆ. ಆದರೆ ಸ್ಥಾನವನ್ನು ಅಳೆಯಲು ಚುಕ್ಕೆ ಬೇಕು. ಆದ್ದರಿಂದ ಗಡಿಯಾರ ಯಂತ್ರವೊಂದು ದೂರದರ್ಶಕವನ್ನು ನಕ್ಷತ್ರದೊಡನೆ ತಿರುಗಿಸುತ್ತಿತ್ತು. ಅಲ್ಲಿ ಗೆರೆ ಎಂದರೆ ದೋಷ.

ಈಗ ಆ ಗೆರೆಯನ್ನೇ ಬಯಸಿ ತೆಗೆಯಬಹುದು. ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯದಂಥ ಕತ್ತಲ ದಡದಲ್ಲಿ ಕ್ಯಾಮೆರಾವನ್ನು ಉತ್ತರಕ್ಕೆ ತಿರುಗಿಸಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಧ್ರುವನಕ್ಷತ್ರ ಸುಮಾರು 17 ಡಿಗ್ರಿ ಎತ್ತರದಲ್ಲಿರುತ್ತದೆ. ಅದು ಆ ಸ್ಥಳದ ಅಕ್ಷಾಂಶವೇ. 30 ಸೆಕೆಂಡಿನ 120 ಚಿತ್ರಗಳನ್ನು ಬಿಡುವಿಲ್ಲದೆ ತೆಗೆದು, ಕಂಪ್ಯೂಟರಿನಲ್ಲಿ ಒಂದರ ಮೇಲೊಂದಿಟ್ಟು, ಪ್ರತಿ ಬಿಂದುವಿನಲ್ಲೂ ಅತಿ ಪ್ರಕಾಶವಾದುದನ್ನು ಉಳಿಸಿದರೆ ಒಂದು ಗಂಟೆಯ ಕಮಾನುಗಳು ಸಿಗುತ್ತವೆ. ಧ್ರುವದ ಬಳಿ ಕೋನಮಾಪಕವಿಟ್ಟು ನೋಡಿ: ಸುಮಾರು 15 ಡಿಗ್ರಿ!

ವಿಮಾನದ ಗೆರೆ ಅಡ್ಡ ಬಂದರೆ ಇಡೀ ಚಿತ್ರವನ್ನು ಕೈಬಿಡಬೇಡಿ, ಕಮಾನು ತುಂಡಾಗುತ್ತದೆ. ಆ ಗೆರೆಯನ್ನಷ್ಟೇ ಅಳಿಸಿ. ಅಂದಕ್ಕಾಗಿ ಕಮಾನನ್ನು ಬೆಳೆಸಿದರೆ ಭೂಭ್ರಮಣೆಯ ಪುರಾವೆ ಅಲ್ಲಿಗೆ ಮುಗಿಯಿತು. ಮೂಲ ಚಿತ್ರಗಳನ್ನು ಸಮಯದೊಡನೆ ಕಾಪಾಡಿ. ಅಳೆಯಲು ಬರುವವರಿಗೆ ಬೇಕಾದುದು ಅವೇ.