ಒಂದು ಫ್ರೆಂಚ್ ವಾರಪತ್ರಿಕೆಯ ಚರಿತ್ರೆ

ಮಾಗಡಿ ಸೀಮೆಯ ಕಲ್ಯದಲ್ಲಿ ಕ್ರಿ. ಶ. 1368ರ ಬುಕ್ಕರಾಯನ ಶಾಸನವೊಂದುಂಟು. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವೊದಗಿದಾಗ ಎರಡು ದರ್ಶನಗಳಿಗೂ ಭೇದವಿಲ್ಲವೆಂದೂ, ಜೈನರಿಗಾದ ಹಾನಿಯನ್ನು ವೈಷ್ಣವರು ತಮಗೇ ಆದ ಹಾನಿಯೆಂದು ಎಣಿಸತಕ್ಕುದೆಂದೂ ಅರಸನು ವಿಧಿಸಿದನು. ಶ್ರವಣಬೆಳ್ಗೊಳದಲ್ಲಿಯೂ ಇದೇ ಕಟ್ಟಳೆಯು ಶಿಲೆಯಲ್ಲಿ ನಿಂತಿರುವುದು. ಹತ್ತು ಜನರೋದುವ ಬರಹವು ಅಲ್ಪಸಂಖ್ಯಾತರಿಗೆ ಆಶ್ರಯವಾಗಬಲ್ಲುದೆಂಬುದಕ್ಕೆ ಇದು ಸಾಕ್ಷಿ. ಅಂತಹ ಬರಹವೇ ಹಿಂಸೆಗೆ ದಾರಿ ತೋರಬಲ್ಲುದೆಂಬುದಕ್ಕೆ ಪ್ಯಾರಿಸಿನ ‘ಝ ಸ್ವಿ ಪಾರ್ತೂ’ ಎಂಬ ವಾರಪತ್ರಿಕೆಯ ಚರಿತ್ರೆಯು ಸಾಕ್ಷಿ.

‘ನಾನು ಎಲ್ಲೆಲ್ಲಿಯೂ ಇರುವೆನು’ ಎಂಬುದು ಆ ಹೆಸರಿನ ಅರ್ಥ. ಆರ್ತೆಂ ಫಾಯಾರನೆಂಬ ಪ್ರಕಾಶಕನು 1930ರ ನವೆಂಬರಿನಲ್ಲಿ ಇದನ್ನು ಹೊರಡಿಸಿದನು. ಇತಿಹಾಸಕಾರನಾದ ಪಿಯೆರ್ ಗಾಕ್ಸೋತನು ನಿರ್ದೇಶಕನಾದನು. ವಿದೇಶಗಳ ವರ್ತಮಾನವನ್ನು ವಿವೇಚಿಸುವುದು ಮೊದಲ ಉದ್ದೇಶವಾಗಿದ್ದಿತು. 1936ರಲ್ಲಿ ಎಡಪಕ್ಷಗಳ ಕೂಟವು ಗೆದ್ದಾಗ ಫಾಯಾರನು ಪತ್ರಿಕೆಯನ್ನು ಕೈಬಿಟ್ಟನು. ಲೇಖಕರೇ ಅದನ್ನು ವಹಿಸಿಕೊಂಡು ಇಟಲಿ, ಜರ್ಮನಿಗಳ ಸರ್ವಾಧಿಕಾರವನ್ನು ಬಹಿರಂಗವಾಗಿ ಹೊಗಳತೊಡಗಿದರು. 1938ರಲ್ಲಿಯೂ 1939ರಲ್ಲಿಯೂ ಯೆಹೂದ್ಯರನ್ನು ದೂಷಿಸುವುದಕ್ಕಾಗಿಯೇ ವಿಶೇಷ ಸಂಚಿಕೆಗಳು ಹೊರಟುವು.

1937ರಿಂದ ಪ್ರಧಾನ ಸಂಪಾದಕನಾಗಿದ್ದ ರೋಬೆರ್ ಬ್ರಾಸಿಯಾಕನು ಸಾಮಾನ್ಯನಲ್ಲ. ಲ್ಯಾಟಿನ್ ಕವಿ ವರ್ಜಿಲನನ್ನು ಕುರಿತು 1931ರಲ್ಲಿಯೇ ಗ್ರಂಥ ಬರೆದಿದ್ದ ರಸಿಕನು. ಪ್ಯಾರಿಸು ಜರ್ಮನರ ವಶವಾದ ಬಳಿಕ, 1941ರ ಫೆಬ್ರವರಿಯಲ್ಲಿ ಪತ್ರಿಕೆಯು ಮರಳಿ ಹೊರಟಿತು. ಯೆಹೂದ್ಯರನ್ನೂ ಪ್ರತಿಭಟನಕಾರರನ್ನೂ ಹೆಸರು ಹಿಡಿದು ತೋರಿಸಿಕೊಡುವುದು ಅದರ ವಾಡಿಕೆಯಾಯಿತು. 1942ರ ಜುಲೈ ತಿಂಗಳಿನಲ್ಲಿ ಪ್ಯಾರಿಸಿನಲ್ಲಿ ಸುಮಾರು 13,000 ಯೆಹೂದ್ಯರು ಸೆರೆಯಾದರು. ಸೆಪ್ಟೆಂಬರಿನಲ್ಲಿ ಬ್ರಾಸಿಯಾಕನು, ಅವರನ್ನು ಹೊರದೂಡುವಾಗ ಮಕ್ಕಳನ್ನೂ ಉಳಿಸಿಕೊಳ್ಳಬಾರದೆಂದು ಬರೆದನು. ಆ ವರ್ಷ ಪತ್ರಿಕೆಯ ಪ್ರಸಾರವು ಸುಮಾರು 2,50,000 ಪ್ರತಿಗಳಿಗೇರಿದ್ದಿತು. 1943ರಲ್ಲಿ ಅವನು ತೊಲಗಲು ಪಿಯೆರ್ ಆಂತ್ವಾನ್ ಕುಸ್ತೋ ಅವನ ಸ್ಥಾನಕ್ಕೆ ಬಂದನು. 1944ರ ಆಗಸ್ಟಿನಲ್ಲಿ, ಪ್ಯಾರಿಸಿನ ಬಿಡುಗಡೆಗೆ ಮುನ್ನ, ಪತ್ರಿಕೆಯು ನಿಂತಿತು.

1945ರ ಜನವರಿಯಲ್ಲಿ ಬ್ರಾಸಿಯಾಕನ ವಿಚಾರಣೆ ನಡೆದು ಮರಣದಂಡನೆಯಾಯಿತು. ಮೋರಿಯಾಕ್, ವಾಲೆರಿ, ಕಾಮ್ಯು ಮೊದಲಾದ ಸಾಹಿತಿಗಳು ಕ್ಷಮೆಗಾಗಿ ಬಿನ್ನವಿಸಿದರೂ ದ ಗೋಲನು ಒಪ್ಪಲಿಲ್ಲ. ಫೆಬ್ರವರಿ 6ರಂದು ಅವನನ್ನು ಗುಂಡಿಟ್ಟು ಕೊಂದರು. ಕುಸ್ತೋ, ಲೂಸಿಯೆನ್ ರೆಬಾತೆ ಇವರಿಗೆ 1946ರಲ್ಲಿ ವಿಧಿಸಿದ ಮರಣದಂಡನೆಯು ಮುಂದೆ ಸೆರೆವಾಸವಾಗಿ ಮಾರ್ಪಟ್ಟಿತು. ಬಿಡುಗಡೆಹೊಂದಿದ ಮೇಲೆ ಇಬ್ಬರೂ 1951ರಲ್ಲಿ ಹುಟ್ಟಿದ ‘ರಿವಾರೋಲ್’ ಎಂಬ ಅದೇ ಪಂಥದ ವಾರಪತ್ರಿಕೆಯಲ್ಲಿ ಬರೆದರು.

ಲೇಖಕನಿಗೆ ಮರಣದಂಡನೆಯು ಯುಕ್ತವೇ ಎಂಬುದರಲ್ಲಿ ಮತಭೇದವಿರಬಹುದು. ಬರಹಕ್ಕೆ ಬರೆದವನು ಹೊಣೆಯೆಂಬುದರಲ್ಲಿ ಸಂದೇಹವಿಲ್ಲ. ಕಾವ್ಯಪರಿಚಯವೊಂದೇ ಮನುಷ್ಯನನ್ನು ಕ್ರೌರ್ಯದಿಂದ ಕಾಯಲಾರದು. ಅನ್ಯರ ಹಾನಿಯನ್ನು ತನ್ನದೆಂದು ಬಗೆಯುವ ಬುದ್ಧಿಯೂ ಬೇಕೆಂಬುದನ್ನು ಕಲ್ಯದ ಶಿಲೆಯು ಮೊದಲೇ ಸಾರಿರುವುದು.