ಡ್ರೈವರು, ಕಂಡಕ್ಟರು ಮತ್ತು ನನ್ನ ಒಂದು ಹಳೆಯ ಮಾತು

ಮೂವತ್ತೆರಡು ವರ್ಷಗಳ ಅಧ್ಯಾಪನದಲ್ಲಿ ನಾನು ತರಗತಿಯಲ್ಲಿ ಅತಿ ಹೆಚ್ಚು ಸಲ ಆಡಿದ ಮಾತು ಯಾವುದೆಂದು ಕೇಳಿದರೆ ಪಾಣಿಪತ್ ಕದನದ ಇಸವಿಯೆಂದು ಯಾರೂ ಹೇಳಲಾರರು. "ಓದದಿದ್ದರೆ ಮೂಟೆ ಹೊರಬೇಕಾಗುತ್ತದೆ, ಓದಿದರೆ ಫ್ಯಾನಿನ ಕೆಳಗೆ ಕುಳಿತು ಉಣ್ಣಬಹುದು" ಎಂಬುದೇ ಆ ಮಾತು. ಇದನ್ನು ಓದುತ್ತಿರುವ ನಿಮ್ಮಲ್ಲಿ ಬಹಳ ಮಂದಿ ಅದನ್ನು ಕೇಳಿ ಕೇಳಿ ಬೇಸತ್ತವರೇ ಆಗಿದ್ದೀರಿ.

ಕಳೆದ ಯುಗಾದಿಯ ಮರುದಿನ 1994ರ ತಂಡದ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ದೂರವಾಣಿ ಮಾಡಿದ್ದ. ದೊಡ್ಡ ಸಂಬಳದ ಕಂಪ್ಯೂಟರ್ ಉದ್ಯೋಗ. ಕುಶಲ ಪ್ರಶ್ನೆ ಮುಗಿದ ಮೇಲೆ ನಗುತ್ತಲೇ ಹೇಳಿದ: "ಸಾರ್, ನೀವು ಹೇಳಿದ ಹಾಗೆ ಫ್ಯಾನಿನ ಕೆಳಗೆ ಕೂತೆ. ಎ.ಸಿ.ಯಲ್ಲೇ ಕೂತೆ. ಹೋದ ತಿಂಗಳು ಎದೆಗೆ ಎರಡು ಸ್ಟೆಂಟ್ ಹಾಕಿದರು." ಅವನಿಗಿನ್ನೂ ಐವತ್ತು ತುಂಬಿಲ್ಲ. ಅದೇ ತಂಡದಲ್ಲಿ ಅವನ ಪಕ್ಕದಲ್ಲೇ ಕೂರುತ್ತಿದ್ದ ಇನ್ನೊಬ್ಬ ಹುಡುಗ ಗಣಿತದಲ್ಲಿ ನಪಾಸಾಗಿ ಅಕ್ಷರಶಃ ಮೂಟೆ ಹೊರಲು ಹೋದ. ಆಗ ಚೀಲವೆಂದರೆ ಕ್ವಿಂಟಲ್ ತೂಕದ್ದು. ಈಗ ಅವನು ನಮ್ಮ ಬೀದಿಯಲ್ಲಿ ಹಾದುಹೋಗುವಾಗ ನೋಡುತ್ತೇನೆ; ಸೊಂಟ ಒಂದು ಕಡೆಗೆ ವಾಲಿದೆ, ಬಲಗೈ ಹೆಗಲಿನಿಂದ ಮೇಲೆ ಏಳುವುದಿಲ್ಲ. ಒಂದೇ ಬೆಂಚಿನ ಇಬ್ಬರು. ನನ್ನ ಮಾತನ್ನು ಒಬ್ಬ ನಡೆಸಿಕೊಟ್ಟ, ಇನ್ನೊಬ್ಬನಿಗೆ ಆಗಲಿಲ್ಲ. ದೇಹ ಮಾತ್ರ ಇಬ್ಬರದ್ದೂ ಸವೆದಿತ್ತು.

ಇತಿಹಾಸದ ಮೇಷ್ಟ್ರಿಗೆ ಗೊತ್ತಿರುವ ಮದ್ದು ಒಂದೇ, ಹಿಂದಿನದನ್ನು ಹುಡುಕುವುದು. ದುಡಿಮೆಯ ಬಗೆಗೂ ಬರುವ ಕಾಯಿಲೆಗೂ ಇರುವ ಸಂಬಂಧವನ್ನು ಯಾರು, ಯಾವಾಗ ಗಮನಿಸಿದರೆಂದು ಓದುತ್ತಾ ಹೋದೆ.

ಮೊದಲು ಸಿಕ್ಕಿದವನು ಇಟಲಿಯ ಬರ್ನಾರ್ದಿನೊ ರಾಮಾಜ್ಜಿನಿ. 1633ರಲ್ಲಿ ಕಾರ್ಪಿ ಎಂಬ ಊರಿನಲ್ಲಿ ಹುಟ್ಟಿ, ಮೊದೆನಾದಲ್ಲಿ ವೈದ್ಯನಾಗಿ, ಕೊನೆಗೆ ಪಾದುವಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದವನು. ಅವನ ಮನೆಯ ಮಲಗುಂಡಿಯನ್ನು ಬರಿದುಮಾಡಲು ಬಂದ ಕೂಲಿಯಾಳೊಬ್ಬ ಉಸಿರುಗಟ್ಟಿಕೊಂಡು ಆತುರಾತುರವಾಗಿ ಕೆಲಸ ಮಾಡುತ್ತಿದ್ದನಂತೆ. ಅಷ್ಟು ಅವಸರವೇಕೆಂದು ಈ ವೈದ್ಯ ಕೇಳಿದ. ಹೆಚ್ಚು ಹೊತ್ತು ಒಳಗಿದ್ದರೆ ಕಣ್ಣು ಹೋಗುತ್ತದೆಂದು ಆಳು ಉತ್ತರಿಸಿದ. ಮನೆಯ ಮಲಗುಂಡಿಯ ಬಳಿ ನಿಂತು ಆಳಿನೊಡನೆ ಮಾತನಾಡುವ ಪ್ರಾಧ್ಯಾಪಕರು ಎಲ್ಲ ಕಾಲದಲ್ಲಿಯೂ ವಿರಳ. ಆ ಮಾತುಕತೆಯ ಫಲವಾಗಿ 1700ರಲ್ಲಿ ಕಸುಬುದಾರರ ರೋಗಗಳನ್ನು ಕುರಿತ ಅವನ ಗ್ರಂಥ ಹೊರಬಂತು. 1713ರಲ್ಲಿ ವಿಸ್ತರಿಸಿದ ಆವೃತ್ತಿ. ಎರಡೂ ಸೇರಿ ಐವತ್ತಕ್ಕೂ ಹೆಚ್ಚು ಕಸುಬುಗಳ ವಿವರಣೆಯಿದೆ. ರೋಗಿಯನ್ನು ಕೇಳಬೇಕಾದ ಪ್ರಶ್ನೆಗಳ ಹಳೆಯ ಪಟ್ಟಿಗೆ ಅವನು ಸೇರಿಸಿದ್ದು ಒಂದೇ ಪ್ರಶ್ನೆ: ನೀನು ಏನು ಕೆಲಸ ಮಾಡುತ್ತೀಯೆ?

ನನಗೆ ಅಚ್ಚರಿಯೆನಿಸಿದ್ದು ಅವನು ಗುಮಾಸ್ತರನ್ನೂ ಬಿಡದಿರುವುದು. ಲೆಕ್ಕ ಬರೆಯುವವರಿಗೆ, ಪ್ರತಿ ಮಾಡುವವರಿಗೆ ಮೂರು ಕಾರಣಗಳಿಂದ ತೊಂದರೆ ಬರುತ್ತದೆಂದು ಬರೆದಿದ್ದಾನೆ. ಸದಾ ಕುಳಿತಿರುವುದು, ಕೈಯ ಬಿಡುವಿಲ್ಲದ ಒಂದೇ ಬಗೆಯ ಚಲನೆ, ಲೆಕ್ಕದಲ್ಲಿ ತಪ್ಪಾದೀತೆಂಬ ಮನಸ್ಸಿನ ಬಿಗಿ. ಬರೆದು ಬರೆದು ಬಲಗೈ ಸೋತುಹೋದ ಒಬ್ಬ ಬರಹಗಾರ ಎಡಗೈಯಲ್ಲಿ ಬರೆಯಲು ಕಲಿತನೆಂದೂ ಕೆಲಕಾಲದಲ್ಲಿ ಅದಕ್ಕೂ ಅದೇ ಗತಿಯಾಯಿತೆಂದೂ ಹೇಳುತ್ತಾನೆ. ಇಳಿಜಾರು ಮೇಜಿನ ಮುಂದೆ ಚಕ್ಕಂಬಕ್ಕಳ ಹಾಕಿ ದಿನವಿಡೀ ಖಾತೆ ಕಿರ್ದಿ ಬರೆಯುತ್ತಿದ್ದ ನಮ್ಮ ಊರಿನ ಹಳೆಯ ಶಾನುಭೋಗರ ಬಾಗಿದ ಬೆನ್ನು ನನಗೆ ನೆನಪಾಯಿತು. ಕುಳಿತು ದುಡಿಯುವವರು ರಜೆಯ ದಿನವಾದರೂ ಮೈ ದಂಡಿಸಬೇಕೆಂದು ರಾಮಾಜ್ಜಿನಿ ಸಲಹೆ ಕೊಟ್ಟಿದ್ದಾನೆ. ಮುನ್ನೂರು ವರ್ಷ ಹಳೆಯ ಸಲಹೆ.

ಆದರೆ ಅವನದು ಕಣ್ಣಳತೆ, ಎಣಿಕೆಯಲ್ಲ. ನಾನು ಇಲ್ಲಿ ಹೇಳಹೊರಟ ಎಣಿಕೆ ನಡೆದದ್ದು ಎರಡನೆಯ ಮಹಾಯುದ್ಧದ ಅನಂತರ. ನಡುವಿನ ಕಾಲದಲ್ಲಿ ಕೈಗಾರಿಕಾ ಕ್ರಾಂತಿ, ಕಾರ್ಖಾನೆ ಕಾಯಿದೆಗಳು ಎಲ್ಲವೂ ಬರುತ್ತವೆ. ಅವನ್ನು ಒಂಬತ್ತನೆಯ ತರಗತಿಯಲ್ಲಿ ನಿಮಗೆ ಸಾಕಷ್ಟು ಉರು ಹೊಡೆಸಿದ್ದೇನೆ, ಇಲ್ಲಿ ಬಿಡೋಣ.

ಜೆರಿ ಮಾರಿಸ್ ಎಂಬ ವೈದ್ಯ 1910ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿದವರು. ಯುದ್ಧಕಾಲದಲ್ಲಿ ಬ್ರಿಟಿಷ್ ಸೇನೆಯ ವೈದ್ಯರಾಗಿ ನಮ್ಮ ದೇಶದಲ್ಲೂ ಇದ್ದರು. 1948ರಿಂದ ಲಂಡನ್ನಿನಲ್ಲಿ ಸಾಮಾಜಿಕ ವೈದ್ಯಕೀಯದ ಸಂಶೋಧನಾ ಘಟಕವೊಂದರ ಮುಖ್ಯಸ್ಥರಾದರು. ಆಗ ಬ್ರಿಟನ್ನಿನಲ್ಲಿ ನಡುವಯಸ್ಸಿನ ಗಂಡಸರು ಹೃದಯಾಘಾತದಿಂದ ಸಾಯುವುದು ಹೆಚ್ಚುತ್ತಿತ್ತು, ಕಾರಣ ಯಾರಿಗೂ ತಿಳಿದಿರಲಿಲ್ಲ. ಇದಕ್ಕೂ ಮಾಡುವ ಕೆಲಸಕ್ಕೂ ಸಂಬಂಧವಿರಬಹುದೇ ಎಂದು ಮಾರಿಸ್ ಯೋಚಿಸಿದರು. ಉತ್ತರವನ್ನು ಅವರು ಹುಡುಕಿದ್ದು ಲಂಡನ್ನಿನ ಕೆಂಪು ಬಣ್ಣದ ಎರಡಂತಸ್ತಿನ ಬಸ್ಸುಗಳಲ್ಲಿ.

ಅಂಥ ಬಸ್ಸುಗಳು ಒಂದು ಕಾಲದಲ್ಲಿ ಬೆಂಗಳೂರಿನಲ್ಲೂ ಓಡುತ್ತಿದ್ದವು. ಮೇಲಿನ ಅಂತಸ್ತಿನ ಮುಂದಿನ ಸೀಟಿಗಾಗಿ ನಾವು ಹುಡುಗರು ಜಗಳವಾಡಿದ್ದುಂಟು. ಆದ್ದರಿಂದ ಈ ಪ್ರಯೋಗದ ಸೊಗಸು ನಮ್ಮವರಿಗೆ ಬೇಗ ಅರ್ಥವಾಗುತ್ತದೆ. ಒಂದೇ ಬಸ್ಸಿನಲ್ಲಿ ಇಬ್ಬರು. ಡ್ರೈವರು ತನ್ನ ಪಾಳಿಯ ನೂರಕ್ಕೆ ತೊಂಬತ್ತು ಭಾಗವನ್ನು ಕುಳಿತೇ ಕಳೆಯುತ್ತಾನೆ. ಕಂಡಕ್ಟರು ಟಿಕೆಟ್ ಕೊಡಲು ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಓಡಾಡುತ್ತಾ ದಿನಕ್ಕೆ ಐನೂರರಿಂದ ಏಳುನೂರೈವತ್ತು ಮೆಟ್ಟಿಲು ಹತ್ತುತ್ತಾನೆ. ಊರು ಒಂದೇ, ಸಂಸ್ಥೆ ಒಂದೇ, ಬದುಕಿನ ಮಟ್ಟವೂ ಹೆಚ್ಚುಕಡಿಮೆ ಒಂದೇ. ಬೇರೆಯಾಗಿರುವುದು ಕಾಲು ಮಾತ್ರ.

ಬಸ್ಸು, ಟ್ರಾಮು, ಸುರಂಗ ರೈಲುಗಳ 35ರಿಂದ 64 ವರ್ಷದ ಸುಮಾರು 31 ಸಾವಿರ ನೌಕರರ ದಾಖಲೆಗಳನ್ನು ಮಾರಿಸ್ ತಂಡ ಪರಿಶೀಲಿಸಿತು. ವರ್ಷಕ್ಕೆ ಸಾವಿರ ಡ್ರೈವರುಗಳಲ್ಲಿ 2.7 ಮಂದಿಗೆ ಹೃದಯದ ರಕ್ತನಾಳಗಳ ಕಾಯಿಲೆ ಬಂದರೆ, ಸಾವಿರ ಕಂಡಕ್ಟರುಗಳಲ್ಲಿ 1.9 ಮಂದಿಗೆ ಬರುತ್ತಿತ್ತು. ಬಂದವರಲ್ಲಿಯೂ ಅಂತರವಿತ್ತು; ಹಠಾತ್ತಾಗಿ ಸಾಯುವ ಸಂಭವ ಡ್ರೈವರಿಗೆ ಸುಮಾರು ಎರಡರಷ್ಟು. ಮಾರಿಸ್ ಅವಸರಪಡಲಿಲ್ಲ. ಅಂಚೆ ಇಲಾಖೆಯ ಲೆಕ್ಕವನ್ನೂ ತೆಗೆಸಿ ನೋಡಿದರು. ಅಲ್ಲಿಯೂ ನಡೆದು, ಸೈಕಲ್ ತುಳಿದು ಕಾಗದ ಹಂಚುವ ಪೋಸ್ಟ್‌ಮನ್ನರಿಗಿಂತ ಕುಳಿತು ಕೆಲಸ ಮಾಡುವ ಗುಮಾಸ್ತರಿಗೂ ಟೆಲಿಫೋನ್ ನೌಕರರಿಗೂ ಈ ಕಾಯಿಲೆ ಹೆಚ್ಚಾಗಿತ್ತು. ಆಮೇಲೆಯೇ, 1953ರಲ್ಲಿ, ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು.

ಬುದ್ಧಿವಂತ ವಿದ್ಯಾರ್ಥಿ ಇಲ್ಲಿ ಕೈ ಎತ್ತಬೇಕು. "ಸಾರ್, ಮೊದಲೇ ದಪ್ಪಗಿದ್ದವರು ಡ್ರೈವರ್ ಕೆಲಸ ಆರಿಸಿಕೊಂಡಿರಬಹುದಲ್ಲವೇ?" ಈ ಪ್ರಶ್ನೆ ಅಂದೇ ಬಂದಿತ್ತು. ಅದಕ್ಕೆ ಮಾರಿಸ್ ಹಿಡಿದ ದಾರಿ ನನಗೆ ಬಹಳ ಮೆಚ್ಚುಗೆಯಾಯಿತು. ಬಸ್ ಸಂಸ್ಥೆ ನೌಕರರಿಗೆ ಸಮವಸ್ತ್ರ ಹೊಲಿಸಿಕೊಡುತ್ತಿತ್ತು. ಪ್ಯಾಂಟಿನ ಸೊಂಟದ ಅಳತೆ ದಾಖಲೆಯಲ್ಲಿತ್ತು. ಆ ಪುಸ್ತಕಗಳನ್ನು ತರಿಸಿದರು! ಸಂಶಯ ಪೂರ್ತಿ ಸುಳ್ಳಾಗಿರಲಿಲ್ಲ. ಎಳೆಯ ವಯಸ್ಸಿನ ಡ್ರೈವರುಗಳ ಸೊಂಟವೇ ಕಂಡಕ್ಟರುಗಳಿಗಿಂತ ದಪ್ಪವಿತ್ತು. 1956ರಲ್ಲಿ ಅದನ್ನು ಮುಚ್ಚಿಡದೆ ಪ್ರಕಟಿಸಿದರು. ಮುಂದಿನ ವರ್ಷಗಳ ಪರಿಶೀಲನೆಯಲ್ಲಿ ಕಂಡದ್ದು, ಸಣಕಲನಾಗಲಿ ಸ್ಥೂಲಕಾಯನಾಗಲಿ, ತನ್ನಂಥದೇ ಮೈಕಟ್ಟಿನ ಡ್ರೈವರಿಗಿಂತ ಕಂಡಕ್ಟರಿಗೆ ಹಠಾತ್ ಮರಣದ ಭಯ ಕಡಿಮೆಯೆಂದು. ತಮ್ಮ ವಾದಕ್ಕೆ ಎದುರಾದ ಸಾಕ್ಷ್ಯವನ್ನು ತಾವೇ ಹುಡುಕಿ ತಂದು ಮೇಜಿನ ಮೇಲಿಡುವ ಈ ಗುಣವನ್ನು ಇತಿಹಾಸಕಾರರೂ ಕಲಿಯುವುದಿದೆ.

ಇಷ್ಟಕ್ಕೆ ನಿಲ್ಲಿಸಿದ್ದರೆ ನನ್ನ ಕಥೆ ಸುಲಭವಾಗುತ್ತಿತ್ತು. ಮೈಮುರಿದು ದುಡಿ, ಆರೋಗ್ಯವಾಗಿರು. ನಮ್ಮ ಹಿರಿಯರು ಹೇಳಿದ್ದೇ ಸರಿ! ಹಾಗೆಂದು ಬರೆದು ಚಪ್ಪಾಳೆ ಗಿಟ್ಟಿಸುವ ಲೇಖನಗಳನ್ನು ಬಹಳ ಓದಿದ್ದೇನೆ. ಆದರೆ ವಾಲಿದ ಸೊಂಟದ ನನ್ನ ಹಳೆಯ ವಿದ್ಯಾರ್ಥಿ ಎದುರಿಗಿದ್ದಾನೆ. ಅದಕ್ಕಿಂತ ದೊಡ್ಡ ಸಾಕ್ಷಿ ನಮ್ಮ ಕೋಲಾರದಲ್ಲಿದೆ.

ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲಿ ವಿದ್ಯುತ್ ಹರಿದ ಸಂಗತಿಯನ್ನು ನಾನು ಪ್ರತಿ ವರ್ಷ ಹೆಮ್ಮೆಯಿಂದ ಪಾಠ ಮಾಡಿದೆ, ಪರೀಕ್ಷೆಯಲ್ಲಿ ಕೇಳಿದೆ. 1934ನ್ನು ಒಮ್ಮೆಯೂ ಹೇಳಲಿಲ್ಲ. ಭಾರತದಲ್ಲಿ ಸಿಲಿಕೋಸಿಸ್ ರೋಗ ಮೊದಲು ವರದಿಯಾದದ್ದು ಆ ವರ್ಷ, ಅದೇ ಗಣಿಗಳ ಕೆಲಸಗಾರರಲ್ಲಿ. ಬಂಡೆ ಕೊರೆದಾಗ, ಸಿಡಿಸಿದಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಕಣಗಳಿರುತ್ತವೆ. ಅವು ಶ್ವಾಸಕೋಶದ ತೀರ ಒಳಕ್ಕೆ ಇಳಿದು ಗಾಯವನ್ನೂ ಕಲೆಯನ್ನೂ ಮಾಡುತ್ತವೆ. ಆ ಭಾಗ ಗಡುಸಾಗುತ್ತದೆ, ಉಸಿರು ಸಾಲದಾಗುತ್ತದೆ, ಕ್ಷಯ ಸುಲಭವಾಗಿ ಅಂಟುತ್ತದೆ. ಕಲೆ ಮತ್ತೆ ಮಾಯುವುದಿಲ್ಲ. ಕೆಲಸ ಬಿಟ್ಟ ಮೇಲೆಯೂ ರೋಗ ಬೆಳೆಯಬಹುದು. ಮೈಸೂರು ಸರ್ಕಾರ 1940ರಲ್ಲಿ ಸಿಲಿಕೋಸಿಸ್ ನಿಯಮಗಳನ್ನು ಮಾಡಿತು. 1940ರಿಂದ 46ರವರೆಗೆ 7,653 ಕೆಲಸಗಾರರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ರೋಗ ಕಂಡಿತು.

ಮೂರು ಕಿಲೋಮೀಟರಿಗೂ ಹೆಚ್ಚು ಆಳ, ಮುಟ್ಟಿದರೆ ಸುಡುವ ಬಂಡೆ. ಲಂಡನ್ನಿನ ಕಂಡಕ್ಟರಿಗಿಂತ ಹತ್ತು ಪಾಲು ಹೆಚ್ಚು ಅವರ ಕೈಕಾಲು ಆಡಿರಬೇಕು. ಆ ಚಲನೆಯಿಂದ ಅವರ ಹೃದಯಕ್ಕೆ ಏನಾದರೂ ಲಾಭವಾಗಿದ್ದರೆ ಅದನ್ನು ಅನುಭವಿಸುವುದಕ್ಕೆ ಶ್ವಾಸಕೋಶ ಉಳಿಯಬೇಕಲ್ಲ? 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆಗೆ ಹೋಗುವ ರೈಲಿನಲ್ಲಿ ಕುಳಿತರೆ ಆ ಬೂದು ಬಣ್ಣದ ಸೈನೈಡ್ ದಿಬ್ಬಗಳು ಇಂದಿಗೂ ಕಾಣುತ್ತವೆ. ಚಿನ್ನ ತೆಗೆದ ಮೇಲೆ ಉಳಿದ ಬಂಡೆಯ ಹುಡಿ ಅದು.

ಧೂಳಿಲ್ಲದ ಕಡೆಯೂ ಪ್ರಶ್ನೆ ಉಳಿಯುತ್ತದೆ. ಬೇರೆ ಬೇರೆ ದೇಶಗಳ ಹದಿನೇಳು ಅಧ್ಯಯನಗಳ 1 ಲಕ್ಷ 90 ಸಾವಿರಕ್ಕೂ ಹೆಚ್ಚು ಜನರ ವಿವರಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ಪರಿಶೀಲನೆಯೊಂದಿದೆ. ಉದ್ಯೋಗದಲ್ಲಿ ಹೆಚ್ಚು ದೇಹಶ್ರಮ ಮಾಡುವ ಗಂಡಸರಲ್ಲಿ ಅಕಾಲ ಮರಣದ ಸಂಭವ, ಕಡಿಮೆ ಶ್ರಮದವರಿಗಿಂತ ಸುಮಾರು ಶೇಕಡ 18ರಷ್ಟು ಹೆಚ್ಚೆಂದು ಅದು ಹೇಳಿತು. ವಿರಾಮದ ವೇಳೆ ಮಾಡುವ ವ್ಯಾಯಾಮವಾದರೋ ಆಯುಸ್ಸನ್ನು ಹೆಚ್ಚಿಸುತ್ತದೆ. ಒಂದೇ ಸ್ನಾಯು, ಒಂದೇ ಬೆವರು, ಫಲ ಮಾತ್ರ ವಿರುದ್ಧ. ತಜ್ಞರು ಕೊಡುವ ಸಮಾಧಾನ ಹೀಗಿದೆ. ಸಂಜೆ ಅರ್ಧ ಗಂಟೆ ಬಿರುಸಾಗಿ ನಡೆದವನ ಹೃದಯ ಸ್ವಲ್ಪ ಹೊತ್ತು ವೇಗವಾಗಿ ಬಡಿದು ಮತ್ತೆ ದಣಿವಾರಿಸಿಕೊಳ್ಳುತ್ತದೆ. ಎಂಟು ಹತ್ತು ಗಂಟೆ ಮೂಟೆ ಹೊರುವವನ ನಾಡಿಗೆ ಆ ಬಿಡುವಿಲ್ಲ. ಭಾರ ಎತ್ತುವಾಗ, ಒಂದೇ ಭಂಗಿಯಲ್ಲಿ ತಡೆದು ನಿಂತಾಗ ರಕ್ತದೊತ್ತಡ ಏರುತ್ತದೆ. ದಣಿದಾಗ ಕೂರುವ, ನೋವಾದಾಗ ನಿಲ್ಲಿಸುವ ಅಧಿಕಾರ ಅವನ ಕೈಯಲ್ಲಿಲ್ಲ. ಬಡತನ, ಬೀಡಿ ಸಿಗರೇಟು ಇವುಗಳ ಪಾಲೆಷ್ಟು ಎಂಬ ವಾದವೂ ನಡೆದಿದೆ. ಕಾರಣದ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ.

ಅಧಿಕಾರವೆಂಬ ಮಾತು ಬಂದುದರಿಂದ ಇನ್ನೊಂದು ಲೆಕ್ಕ. ಲಂಡನ್ನಿನ ವೈಟ್‌ಹಾಲ್ ಸರ್ಕಾರಿ ಕಚೇರಿಗಳ ಸುಮಾರು 18 ಸಾವಿರ ಪುರುಷ ನೌಕರರನ್ನು 1967ರಿಂದ ಗಮನಿಸಿದರು. ಮೈಕೆಲ್ ಮಾರ್ಮೆಟ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಕಡತ ಹೊತ್ತು ಓಡಾಡುವ ಜವಾನರು, ಬಾಗಿಲು ಕಾಯುವವರು ಮೊದಲಾದ ಕೆಳದರ್ಜೆಯವರು ಮೇಲಧಿಕಾರಿಗಳಿಗಿಂತ ಮೂರು ಪಟ್ಟಿಗೂ ಹೆಚ್ಚು ಪ್ರಮಾಣದಲ್ಲಿ ಹೃದಯದ ಕಾಯಿಲೆಯಿಂದ ಸತ್ತಿದ್ದರು. ಧೂಮಪಾನ, ರಕ್ತದೊತ್ತಡ ಎಲ್ಲವನ್ನೂ ಲೆಕ್ಕ ಹಿಡಿದರೂ ಅಂತರದ ಒಂದು ಭಾಗಕ್ಕಷ್ಟೇ ಕಾರಣ ಸಿಕ್ಕಿತು. ಮೆತ್ತನೆಯ ಕುರ್ಚಿಯ ಸಾಹೇಬನೇ ಬದುಕಿದ. ಗಂಟೆ ಒತ್ತಿದಾಗಲೆಲ್ಲ ಎದ್ದು ಓಡುತ್ತಿದ್ದವನು ಮೊದಲು ಹೋದ. ಡ್ರೈವರು ಕಂಡಕ್ಟರುಗಳ ಲೆಕ್ಕ ತಲೆಕೆಳಗಾದಂತೆ ಕಾಣುತ್ತದೆಯಲ್ಲವೇ? ಮಾರಿಸ್ ಆ ಇಬ್ಬರನ್ನು ಆರಿಸಿಕೊಂಡದ್ದೇ ಅವರ ನಡುವೆ ಸಾಹೇಬ ಜವಾನರ ಅಂತರ ಇಲ್ಲವೆಂಬ ಕಾರಣಕ್ಕೆ ಎಂಬುದನ್ನು ಮರೆಯಬಾರದು.

ಮಾರಿಸ್ ಮುಂದೆ ಕುಳಿತು ಕೆಲಸ ಮಾಡುವವರ ಕಡೆಗೇ ತಿರುಗಿದರು. ಸುಮಾರು 17 ಸಾವಿರ ಸರ್ಕಾರಿ ಅಧಿಕಾರಿಗಳನ್ನು ಸೋಮವಾರ ಬೆಳಿಗ್ಗೆ ಮುನ್ಸೂಚನೆಯಿಲ್ಲದೆ ಕೇಳಿದ್ದು, ಹಿಂದಿನ ಶುಕ್ರವಾರ ಶನಿವಾರ ಏನೇನು ಮಾಡಿದಿರೆಂದು. ತೋಟ ಅಗೆದವರು, ಈಜಿದವರು, ಬಿರುಸಾಗಿ ಆಡಿದವರು ಇದ್ದರು. 1973ರ ವರದಿಯಂತೆ ಇಂಥವರಿಗೆ ಹೃದಯಾಘಾತದ ಸಂಭವ ಉಳಿದವರ ಮೂರನೆಯ ಒಂದು ಭಾಗದಷ್ಟು. ಸ್ವತಃ ಮಾರಿಸ್ ಈಜುತ್ತಾ ನಡೆಯುತ್ತಾ 2009ರವರೆಗೆ, 99 ವರ್ಷ ಬದುಕಿದರು.

ನನ್ನ ಪಾಡು ಏನೆಂದು ಸಂಬಂಧಿಕರು ಕೇಳುವುದರಿಂದ ಹೇಳಿಬಿಡುತ್ತೇನೆ. ಮೇಷ್ಟ್ರು ಈ ಎರಡೂ ವರ್ಗಕ್ಕೆ ಸೇರದವನು. ಐದು ಪೀರಿಯಡ್ ನಿಂತು ನಿಂತು ಮೀನಖಂಡದ ನರಗಳು ಹುರಿಗಟ್ಟಿದ ಹಗ್ಗದಂತೆ ಉಬ್ಬಿವೆ. ನಿಂತು ದುಡಿಯುವವರ ಈ ತೊಂದರೆಯನ್ನೂ ರಾಮಾಜ್ಜಿನಿ ಬರೆದಿಟ್ಟಿದ್ದಾನೆಂದು ತಿಳಿದು ಸ್ವಲ್ಪ ಸಮಾಧಾನವಾಯಿತು.

ಮೊನ್ನೆ ಭಾನುವಾರ ಮೂಟೆ ಹೊರುವ ನನ್ನ ವಿದ್ಯಾರ್ಥಿ ಮನೆಗೆ ಬಂದಿದ್ದ. ಜೊತೆಯಲ್ಲಿ ಹತ್ತನೆಯ ತರಗತಿಯ ಮಗ. ಹೆಂಡತಿ ಕೊಟ್ಟ ಕಾಫಿಯ ಲೋಟವನ್ನು ಎಡಗೈಯಲ್ಲಿ ತೆಗೆದುಕೊಂಡು, "ಮೇಷ್ಟ್ರೇ, ಇವನಿಗೂ ಒಂದ್ಸಲ ಆ ಮಾತು ಹೇಳಿಬಿಡಿ. ನಾನು ಹೇಳಿದರೆ ಕೇಳೋದಿಲ್ಲ" ಎಂದ. ಯಾವ ಮಾತೆಂದು ಇಬ್ಬರಿಗೂ ಗೊತ್ತಿತ್ತು. ಅವನ ಬೆನ್ನನ್ನು ನೋಡಿದರೆ ಆ ಮಾತು ಸುಳ್ಳೆಂದು ಹೇಳುವ ಹಾಗಿರಲಿಲ್ಲ. ಬೆಂಗಳೂರಿನ ದೂರವಾಣಿಯನ್ನು ನೆನೆದರೆ ನಿಜವೆಂದು ಹೇಳಲೂ ನಾಲಿಗೆ ಏಳಲಿಲ್ಲ. ಕೊನೆಗೆ ಹುಡುಗನನ್ನು ಹತ್ತಿರ ಕರೆದು, ಚೆನ್ನಾಗಿ ಓದಿಕೊಳ್ಳಪ್ಪ ಎಂದೆ, ಆಮೇಲೆ ಸಂಜೆ ಏನು ಆಡುತ್ತೀ ಎಂದು ಕೇಳಿದೆ.

"ಆಡೋದಿಲ್ಲ ಸಾರ್, ಟ್ಯೂಷನ್ ಇದೆ" ಎಂದ.